ಗಣಿತದಲ್ಲಿ 26, ಕನ್ನಡದಲ್ಲಿ 88: ಬಾಗಿಲು ಹಾಕಿಕೊಂಡ ಮಗಳಿಗೆ ಈಗ ಯಾವ ದಾರಿ?

ಪ್ರಶ್ನೆ: ನಾನು ಮೂರು ಎಕರೆ ಜಮೀನಿನ ರೈತ. ಮಗಳಿಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗ, ಪಿಸಿಎಂಬಿ. ಮೊನ್ನೆ ಪರೀಕ್ಷೆ-1ರ ಫಲಿತಾಂಶ ಬಂತು. ಕನ್ನಡ 88, ಇಂಗ್ಲಿಷ್ 64, ಭೌತಶಾಸ್ತ್ರ 38, ರಸಾಯನಶಾಸ್ತ್ರ 45, ಜೀವಶಾಸ್ತ್ರ 71, ಗಣಿತ 26. ಗಣಿತದಲ್ಲಿ ಆಂತರಿಕ ಅಂಕವೇ 18, ಬರೆದದ್ದಕ್ಕೆ ಬಂದಿರುವುದು 8. ಎಸ್ಸೆಸ್ಸೆಲ್ಸಿಯಲ್ಲಿ ಶೇ 86 ತೆಗೆದಿದ್ದಳು. ಎಂಜಿನಿಯರ್ ಆಗಲಿ ಎಂದು ವಿಜ್ಞಾನಕ್ಕೆ ಸೇರಿಸಿದವನು ನಾನೇ. ಫಲಿತಾಂಶ ಬಂದಾಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ. ಸಿಇಟಿಗೆ ಅರ್ಜಿ ಹಾಕಿದ್ದೇವೆ, ಈಗ ಬರೆಯುವುದಿಲ್ಲ ಎನ್ನುತ್ತಾಳೆ. ಮರುಮೌಲ್ಯಮಾಪನಕ್ಕೆ ಹಾಕಬೇಕೇ? ಆರ್ಟ್ಸ್‌ಗೆ ಬದಲಾಯಿಸಬೇಕೇ? ಒಂದು ವರ್ಷ ಮನೆಯಲ್ಲಿ ಕೂರಿಸಿ ಮತ್ತೆ ಕಟ್ಟಿಸಬೇಕೇ? ನನ್ನ ತಾಯಿ, ಮದುವೆ ಮಾಡಿ ಮುಗಿಸಿಬಿಡು ಎನ್ನುತ್ತಿದ್ದಾರೆ. ದಯವಿಟ್ಟು ಹೆಸರು, ಊರು ಹಾಕಬೇಡಿ.

ಉತ್ತರ: ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರಿಸುವುದಿಲ್ಲ. ನಿಮ್ಮ ಪತ್ರದ ಅತಿ ಮುಖ್ಯ ಸಾಲಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಇಲ್ಲ. ಬಾಗಿಲು ಹಾಕಿಕೊಂಡಿದ್ದಾಳೆ, ಊಟ ಮಾಡುತ್ತಿಲ್ಲ ಎಂದು ಬರೆದು ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಇವತ್ತು ಸಂಜೆ ಮೊದಲು ಒಂದು ಕೆಲಸ ಮಾಡಿ. ಹೊಲಕ್ಕೆಂದು ತಂದಿಟ್ಟ ಕೀಟನಾಶಕ, ಕಳೆನಾಶಕ ಮನೆಯಲ್ಲೋ ಕೊಟ್ಟಿಗೆಯಲ್ಲೋ ಇದ್ದರೆ ಬೀಗ ಹಾಕಿದ ಜಾಗಕ್ಕೆ ಸಾಗಿಸಿ. ಅದಕ್ಕಿಂತ ಒಳ್ಳೆಯದು, ಸದ್ಯಕ್ಕೆ ಬೇರೆಯವರ ಮನೆಯಲ್ಲಿ ಇಟ್ಟುಬನ್ನಿ. ಮನೆಯಲ್ಲಿರುವ ಮಾತ್ರೆಗಳಿಗೂ ಇದೇ ಮಾತು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಹದಿನೇಳರ ವಯಸ್ಸಿನ ತೀವ್ರ ಸಂಕಟ ಎಷ್ಟೋ ಸಲ ಕೆಲವು ಗಂಟೆಗಳದ್ದು. ಆ ಗಂಟೆಗಳಲ್ಲಿ ಅಪಾಯದ ವಸ್ತು ಕೈಗೆ ಸಿಗದಿರುವುದೇ ದೊಡ್ಡ ರಕ್ಷಣೆ.

ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಕುಳಿತುಕೊಳ್ಳಿ. ಉಪದೇಶ ಬೇಡ. ಪಕ್ಕದ ಮನೆಯ ಹುಡುಗನ ಅಂಕವಂತೂ ಬೇಡವೇ ಬೇಡ. "ಸಾಯಬೇಕು ಅಂತ ಏನಾದರೂ ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ತಂದೆತಾಯಿ ಅಂಜುತ್ತಾರೆ. ಮನೋವೈದ್ಯರು ಹೇಳುವುದು ಇದಕ್ಕೆ ತದ್ವಿರುದ್ಧ: ನೇರವಾಗಿ ಕೇಳಿದರೆ ಒಳಗಿನ ಒತ್ತಡಕ್ಕೆ ಹೊರಬರಲು ದಾರಿ ಸಿಗುತ್ತದೆ. "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂಥ ಮಾತು, ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಡುವುದು, ಎರಡು ದಿನ ಅತ್ತವಳು ಕಾರಣವಿಲ್ಲದೆ ತೀರಾ ಶಾಂತಳಾಗುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಅವಳನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಲಕ್ಷಣ ಇಲ್ಲದಿದ್ದರೂ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಅವಳು ಮಾತಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ, ಮಗಳೊಂದಿಗೆ ಹೇಗೆ ಮಾತಾಡಬೇಕೆಂದು ಕೇಳಿ. ಇದು ಹುಚ್ಚಿನ ಆಸ್ಪತ್ರೆಯ ನಂಬರ್ ಅಲ್ಲವೇ ಎಂದು ನಿಮ್ಮ ತಾಯಿ ಕೇಳಬಹುದು. ಅಲ್ಲ ಎಂದು ಹೇಳಿ.

ಇನ್ನು ಪರೀಕ್ಷೆಯ ವಿಷಯ. ಪಿಯು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದ್ದೇನೆ. ಎಷ್ಟೋ ಏಪ್ರಿಲ್ ತಿಂಗಳುಗಳನ್ನು ಮೌಲ್ಯಮಾಪನ ಶಿಬಿರಗಳಲ್ಲಿ ಕಳೆದಿದ್ದೇನೆ. ಫಲಿತಾಂಶದ ಮರುದಿನ ಕಾಲೇಜಿಗೆ ಬರುವ ಪೋಷಕರಲ್ಲಿ ಪ್ರತಿ ವರ್ಷವೂ ಒಂದೇ ತಪ್ಪು ನೋಡಿದ್ದೇನೆ. ವಾರದೊಳಗೆ ಮಾಡಬೇಕಾದ ಅರ್ಜಿಯ ಕೆಲಸವನ್ನು ಅವರು ಮುಂದೂಡುತ್ತಾರೆ. ತಿಂಗಳುಗಟ್ಟಲೆ ಯೋಚಿಸಿ ಮಾಡಬೇಕಾದ ಜೀವನದ ನಿರ್ಧಾರವನ್ನು ಅದೇ ರಾತ್ರಿ ಮಾಡಿಬಿಡುತ್ತಾರೆ. ಆರ್ಟ್ಸ್, ಒಂದು ವರ್ಷದ ವನವಾಸ, ಮದುವೆ ಎಂದು ನೀವು ಬರೆದ ಮೂರೂ ನಿರ್ಧಾರಗಳೇ. ಅರ್ಜಿಯ ಕೊನೆಯ ದಿನಾಂಕ ಯಾವುದು ಎಂಬುದು ಮಾತ್ರ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ.

ನಿಮ್ಮ ಕಾಲದ "ಸಪ್ಲಿಮೆಂಟರಿ" ಈಗ ಇಲ್ಲ. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪೂರಕ ಪರೀಕ್ಷೆ ಎಂಬ ಹೆಸರನ್ನೇ ಕೈಬಿಟ್ಟು ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ತಂದಿತು. 2024 ಮತ್ತು 2025ರಲ್ಲಿ ಪರೀಕ್ಷೆ-3 ಕೂಡ ನಡೆಯಿತು. ಅನುತ್ತೀರ್ಣರಾದವರು ಆ ವಿಷಯವನ್ನು ಮಾತ್ರ ಬರೆದರೆ ಸಾಕು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಒಂದೇ ವಿಷಯವನ್ನು ಎರಡು ಸಲ ಬರೆದರೆ ಹೆಚ್ಚು ಬಂದ ಅಂಕವೇ ಉಳಿಯುತ್ತದೆ, ಕಡಿಮೆ ಬಂದರೆ ನಷ್ಟವಿಲ್ಲ. ದಿನಗಳ ಲೆಕ್ಕ ನೋಡಿ: 2025ರಲ್ಲಿ ಏಪ್ರಿಲ್ 8ಕ್ಕೆ ಫಲಿತಾಂಶ ಬಂತು, ಏಪ್ರಿಲ್ 24ಕ್ಕೆ ಪರೀಕ್ಷೆ-2 ಶುರುವಾಯಿತು. ನಡುವೆ ಸಿಕ್ಕಿದ್ದು ಹದಿನಾರು ದಿನ, ಅರ್ಜಿ ಹಾಕಲು ಅದಕ್ಕಿಂತಲೂ ಕಡಿಮೆ. ಆದ್ದರಿಂದ ನಾಳೆ ಬೆಳಿಗ್ಗೆ ಅವಳ ಕಾಲೇಜಿಗೆ ಹೋಗಿ ಗಣಿತಕ್ಕೆ ಪರೀಕ್ಷೆ-2ರ ಅರ್ಜಿ ಹಾಕಿಸಿ. ಅವಳು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಬರೆಯುವುದೋ ಬಿಡುವುದೋ ಆಮೇಲೆ ಅವಳೇ ತೀರ್ಮಾನಿಸಲಿ. ಅರ್ಜಿಯನ್ನೇ ಹಾಕದಿದ್ದರೆ ಅವಳ ಪರವಾಗಿ ನೀವೇ ತೀರ್ಮಾನಿಸಿದಂತೆ ಆಗುತ್ತದೆ.

ಮರುಮೌಲ್ಯಮಾಪನದ ಬಗ್ಗೆ ಕೇಳಿದ್ದೀರಿ. ನೇರವಾಗಿ ಅದಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಮಾಡಿದ ಪ್ರತಿಯನ್ನು ಪಡೆಯಬೇಕು, ಅದನ್ನು ಪಡೆದವರಿಗೆ ಮಾತ್ರ ಮುಂದಿನ ಹಂತ. ಹಿಂದಿನ ವರ್ಷಗಳಲ್ಲಿ ಸ್ಕ್ಯಾನ್ ಪ್ರತಿಗೆ ವಿಷಯಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಶುಲ್ಕ ಇತ್ತು. ಮೊದಲನೆಯದಕ್ಕೆ ಖಂಡಿತ ಖರ್ಚು ಮಾಡಿ ಎನ್ನುತ್ತೇನೆ. ಎರಡನೆಯದಕ್ಕೆ ಪ್ರತಿ ಕೈಗೆ ಬರುವವರೆಗೆ ಕಾಯಿರಿ. ಪ್ರತಿ ಬಂದ ಮೇಲೆ ಗಣಿತದ ಉಪನ್ಯಾಸಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಂಗತಿ ನೋಡಿ: ಬರೆದ ಎಲ್ಲ ಉತ್ತರಗಳಿಗೂ ಅಂಕ ಹಾಕಲಾಗಿದೆಯೇ, ಒಳಪುಟದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ, ಕೂಡಿಸಿದ್ದು ಸರಿಯಿದೆಯೇ. ಶಿಬಿರದಲ್ಲಿ ಒಮ್ಮೆ ಗ್ರಾಫ್ ಹಾಳೆಯ ಹಿಂದೆ ಅಡಗಿದ್ದ ಒಂದಿಡೀ ಉತ್ತರವನ್ನು ನೋಡದೆ ಪುಟ ತಿರುಗಿಸಿದ್ದೆ. ಪಕ್ಕದಲ್ಲಿದ್ದ ಹಿರಿಯರು ತೋರಿಸಿದರು, ನಾಚಿಕೆಯಾಯಿತು. ಮೌಲ್ಯಮಾಪಕರೂ ಮನುಷ್ಯರೇ. ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಮಾಹಿತಿ ಹಕ್ಕು ಕಾಯ್ದೆಯ ಪ್ರಕರಣವೊಂದರಲ್ಲಿ 2011ರಲ್ಲೇ ಹೇಳಿದೆ. ಆದ್ದರಿಂದ ಪ್ರತಿ ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಆದರೆ ಒಂದು ಎಚ್ಚರಿಕೆ. ಮರುಮೌಲ್ಯಮಾಪನದ ಫಲಿತಾಂಶ ಬರಲಿ, ಆಮೇಲೆ ಪರೀಕ್ಷೆ-2ರ ಬಗ್ಗೆ ಯೋಚಿಸೋಣ ಎಂದು ಕೂರಬೇಡಿ. ಎರಡೂ ಜೊತೆಜೊತೆಯಾಗಿ ನಡೆಯಲಿ. ಅದರ ಮೇಲೆ ಭರವಸೆ ಇಟ್ಟು ಓದುವುದನ್ನು ನಿಲ್ಲಿಸಿ, ಎರಡನ್ನೂ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ಈಗ ನನ್ನ ವಿಷಯಕ್ಕೆ, ಅಂದರೆ ಗಣಿತಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 80ಕ್ಕೆ 8 ಎಂಬುದು ಕೇಳಲು ಭೀಕರ. ಆದರೆ ಅವಳಿಗೆ ಪಾಸಾಗಲು ಎಷ್ಟು ಬೇಕು? ಬಹಳ ವರ್ಷ ಪ್ರತಿ ವಿಷಯದಲ್ಲೂ 35 ಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರಕಟಿಸಿದ ಹೊಸ ನಿಯಮದ ಪ್ರಕಾರ ಒಟ್ಟು ಶೇ 33, ಅಂದರೆ 600ಕ್ಕೆ 198 ಅಂಕ ಬರಬೇಕು ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕು. ನಿಮ್ಮ ಮಗಳ ಒಟ್ಟು ಅಂಕ 332. ಒಟ್ಟಿನ ಚಿಂತೆಯೇ ಇಲ್ಲ. ಗಣಿತದಲ್ಲಿ ಆಂತರಿಕ ಅಂಕ 18 ಇರುವುದರಿಂದ ಬರವಣಿಗೆಯಲ್ಲಿ 12 ಬಂದರೆ 30 ಆಗುತ್ತದೆ. ನಾಲ್ಕೇ ಅಂಕದ ಅಂತರ. ಈ ಲೆಕ್ಕವನ್ನು ಅವಳ ಮುಂದೆ ಕಾಗದದ ಮೇಲೆ ಬರೆದು ತೋರಿಸಿ. ಬಾಗಿಲು ಹಾಕಿಕೊಂಡ ಮಕ್ಕಳಿಗೆ "ಫೇಲ್" ಎಂಬ ಒಂದು ಪದ ಬಿಟ್ಟು ಬೇರೇನೂ ಕಾಣುವುದಿಲ್ಲ, ನಾಲ್ಕು ಎಂಬ ಅಂಕೆಯಾದರೋ ಕೈಗೆ ಎಟಕುವಂಥದ್ದು.

ಆದರೆ ಓದುವಾಗ 12ಕ್ಕೆ ಗುರಿಯಿಡಬಾರದು, 25ಕ್ಕೆ ಇಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಶೇ 86 ತೆಗೆದವಳು 80ಕ್ಕೆ 8 ಪಡೆದಿದ್ದಾಳೆಂದರೆ ನನಗನ್ನಿಸುವುದು ಇಷ್ಟು: ಕ್ಯಾಲ್ಕುಲಸ್ ಬಂದ ಕೂಡಲೇ ಎಲ್ಲೋ ಕೊಂಡಿ ಕಳಚಿದೆ. ಕೇಳಲು ನಾಚಿಕೊಂಡಿದ್ದಾಳೆ, ಪರೀಕ್ಷೆಯಲ್ಲಿ ಒಂದಂಕದ ಪ್ರಶ್ನೆಗಳಿಗೆ ಗುರುತು ಹಾಕಿ ಉಳಿದದ್ದನ್ನು ಬಿಟ್ಟು ಎದ್ದುಬಂದಿದ್ದಾಳೆ. ಸ್ಕ್ಯಾನ್ ಪ್ರತಿ ನೋಡಿದರೆ ಇದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ನಿಜವಾದರೆ ಎರಡು ವಾರದಲ್ಲಿ ಇಂಟಿಗ್ರೇಷನ್ ಕಲಿಸಲು ಯಾರೂ ಹೋಗಬಾರದು. ಆ ಅಧ್ಯಾಯವನ್ನು ಮುಚ್ಚಿಡಿ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಲೀನಿಯರ್ ಪ್ರೋಗ್ರಾಮಿಂಗ್, ಪ್ರಾಬಬಿಲಿಟಿ ತೆಗೆದುಕೊಳ್ಳಲಿ. ಈ ಐದು ಅಧ್ಯಾಯಗಳಿಗೆ ಕ್ಯಾಲ್ಕುಲಸ್‌ನ ಹಂಗಿಲ್ಲ. ಮೊದಲ ಪಿಯುಸಿಯಲ್ಲಿ ಏನು ಬಿಟ್ಟುಹೋಗಿದ್ದರೂ ಇವುಗಳನ್ನು ಹೊಸದಾಗಿ ಕಲಿಯಬಹುದು. ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಂತೂ ಅಸಮಾನತೆಗಳಿಗೆ ಗೆರೆ ಎಳೆದು, ಮೂಲೆಯ ಬಿಂದುಗಳನ್ನು ಗುರುತಿಸಿ, ಬೆಲೆ ಹಾಕಿ ನೋಡುವುದಷ್ಟೇ ಕೆಲಸ. ಎರಡು ಎಕರೆಯಲ್ಲಿ ಎಷ್ಟು ಜೋಳ, ಎಷ್ಟು ಶೇಂಗಾ ಹಾಕಿದರೆ ಲಾಭ ಹೆಚ್ಚು ಎಂದು ನೀವು ತಲೆಯಲ್ಲೇ ಮಾಡುವ ಲೆಕ್ಕವೇ ಅದು. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಈ ಐದು ಅಧ್ಯಾಯಗಳಿಂದ ಬಂದ ಪ್ರಶ್ನೆಗಳನ್ನು ಮಾತ್ರ ಆರಿಸಿ, ದಿನಕ್ಕೆ ಒಂದು ಪತ್ರಿಕೆಯಂತೆ ಕೈಯಲ್ಲಿ ಬರೆದು ಬಿಡಿಸಲಿ. ವಿಡಿಯೊ ನೋಡಿ ಅರ್ಥವಾಯಿತು ಎಂದುಕೊಳ್ಳುವುದು ಬೇರೆ, ಹಂತ ಹಂತವಾಗಿ ಬರೆಯುವುದು ಬೇರೆ. ಇನ್ನೊಂದು ಮಾತು, ಉತ್ತರ ತಪ್ಪಾದರೂ ಸರಿಯಾದ ಹಂತಗಳಿಗೆ ಅಂಕವಿದೆ. ಖಾಲಿ ಬಿಟ್ಟ ಪುಟಕ್ಕೆ ಅಂಕ ಕೊಡಲು ಎಷ್ಟು ಕರುಣೆಯಿದ್ದರೂ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ.

ಸಿಇಟಿಯನ್ನು ಅವಳು ಬರೆಯಲೇಬೇಕು. ಒತ್ತಾಯ ಮಾಡಿ ಎನ್ನುತ್ತಿಲ್ಲ, ಕಾರಣ ಹೇಳಿ ಒಪ್ಪಿಸಿ. 2025ರಲ್ಲಿ ಪರೀಕ್ಷೆ-2ರ ಫಲಿತಾಂಶ ಮೇ 16ಕ್ಕೆ ಬಂತು, ಸಿಇಟಿ ಫಲಿತಾಂಶ ಮೇ 24ಕ್ಕೆ. ಅಂದರೆ ಪರೀಕ್ಷೆ-2ರಲ್ಲಿ ಪಾಸಾದವರ ಕೈಗೆ ಸಿಇಟಿ ರ‍್ಯಾಂಕ್ ಬರುವ ಮೊದಲೇ ಪಿಯುಸಿ ಫಲಿತಾಂಶ ಬಂದಿತ್ತು. ವರ್ಷ ವ್ಯರ್ಥವಾಯಿತು ಎಂಬ ಮಾತಿಗೆ ಅರ್ಥವೇ ಇಲ್ಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೀವಶಾಸ್ತ್ರದಲ್ಲಿ 71 ತೆಗೆದವಳು ಆ ಪತ್ರಿಕೆಯನ್ನು ಬಿಟ್ಟು ಮನೆಯಲ್ಲಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಇಲ್ಲಿ ನಿಮಗೆ ಹಿಡಿಸದ ಒಂದು ಮಾತನ್ನು ಹೇಳಬೇಕು. ಎಂಜಿನಿಯರಿಂಗ್ ಸೀಟಿಗೆ ಪಿಯುಸಿ ಪಾಸಾದರೆ ಸಾಲದು. ಭೌತಶಾಸ್ತ್ರ, ಗಣಿತ ಮತ್ತು ರಸಾಯನಶಾಸ್ತ್ರದಂಥ ಮೂರನೆಯ ಒಂದು ವಿಷಯ ಸೇರಿ ಶೇ 45 ಬೇಕು, ಮೀಸಲಾತಿ ವರ್ಗಗಳಿಗೆ ಶೇ 40. ಮೂರನೆಯ ವಿಷಯವಾಗಿ ಜೀವಶಾಸ್ತ್ರವನ್ನೂ ತೋರಿಸಲು ಅವಕಾಶವಿದೆ, ಹಾಗಾಗಿ ಅರ್ಹತೆ ಹೇಗೋ ದಾಟಬಹುದು. ಆದರೆ ರ‍್ಯಾಂಕ್ ಲೆಕ್ಕ ಬೇರೆ. ಭೌತ, ರಸಾಯನ, ಗಣಿತದ ಪಿಯುಸಿ ಅಂಕಕ್ಕೆ ಅರ್ಧ ಪಾಲು, ಸಿಇಟಿ ಅಂಕಕ್ಕೆ ಇನ್ನರ್ಧ. ಗಣಿತದಲ್ಲಿ 35 ಬಂದರೂ ಈ ಮೂರರ ಮೊತ್ತ 300ಕ್ಕೆ 118. ಅದರಿಂದ ಸಿಗುವ ರ‍್ಯಾಂಕ್ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದರೆ ಖಾಲಿ ಉಳಿದ ಸೀಟು ತುಂಬಿಸಲು ಮನೆಗೇ ಫೋನ್ ಮಾಡುವ ಕಾಲೇಜಿನ ಬಾಗಿಲಿಗೆ. ಅಲ್ಲಿ ಸೇರಿದ ಮೇಲೂ ಮೊದಲ ವರ್ಷದಿಂದಲೇ ಗಣಿತ ಕಾಯುತ್ತಿರುತ್ತದೆ. ನಿಮ್ಮ ಮಗಳು ಎಂಜಿನಿಯರ್ ಆಗಲಾರಳು ಎನ್ನುತ್ತಿಲ್ಲ. ಅವಳಿಗೆ ಅದೇ ಬೇಕಿದ್ದರೆ ಗಣಿತ, ಭೌತಶಾಸ್ತ್ರ ಎರಡನ್ನೂ ಸುಧಾರಿಸಿಕೊಂಡು ಮುಂದಿನ ವರ್ಷ ಮತ್ತೆ ಸಿಇಟಿ ಬರೆಯಬಹುದು. ಆದರೆ ಅದು ಅವಳಿಗೆ ಬೇಕೇ ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ? ಸೇರಿಸಿದವನು ನಾನೇ ಎಂದು ನೀವೇ ಬರೆದಿದ್ದೀರಿ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಅದೇ ಮಾತನ್ನು ಅವಳಿಗೂ ಹೇಳಿ. "ನಾನು ಆರಿಸಿದ್ದು, ನನ್ನದೂ ತಪ್ಪಿದೆ" ಎಂಬ ಮಾತು ಅಪ್ಪನ ಬಾಯಿಂದ ಬಂದರೆ ಅವಳ ಹೆಗಲ ಮೇಲಿನ ಭಾರದಲ್ಲಿ ಅರ್ಧ ಇಳಿಯುತ್ತದೆ.

ಆರ್ಟ್ಸ್‌ಗೆ ಬದಲಾಯಿಸುವ ಯೋಚನೆಯನ್ನು ಬಿಟ್ಟುಬಿಡಿ. ಪಿಯುಸಿಯಲ್ಲಿ ವಿಭಾಗ ಬದಲಿಸುವುದೆಂದರೆ ಪ್ರಥಮ ಪಿಯುಸಿಯಿಂದ ಮತ್ತೆ ಶುರುಮಾಡಬೇಕು, ಎರಡು ವರ್ಷ. ಐದು ವಿಷಯ ಪಾಸಾದವಳಿಗೆ ಯಾಕೆ ಈ ಶಿಕ್ಷೆ? ಗಣಿತ ಒಂದನ್ನು ದಾಟಿದರೆ ಅವಳ ಕೈಯಲ್ಲಿ ಪಿಯುಸಿ ಇರುತ್ತದೆ. ವಿಜ್ಞಾನದ ಪಿಯುಸಿ ಮಾಡಿದವರು ಬಿಎಗೂ ಸೇರಬಹುದು, ಬಿಕಾಂಗೂ ಸೇರಬಹುದು, ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ಆರ್ಟ್ಸ್ ಅವಳಿಗೆ ನಿಜವಾಗಿ ಇಷ್ಟವಿದ್ದರೆ ಬಾಗಿಲು ಜೂನ್‌ನಲ್ಲಿ ಹೇಗೂ ತೆರೆದಿರುತ್ತದೆ. ಕನ್ನಡದ 88ರ ಬಗ್ಗೆ ನಿಮ್ಮ ಪತ್ರದಲ್ಲಿ ಅಂಕೆಯೊಂದನ್ನು ಬಿಟ್ಟು ಒಂದು ಮಾತೂ ಇಲ್ಲ. ಬೇರೆ ಯಾವ ಮನೆಯಲ್ಲಾದರೂ ಅದಕ್ಕೆ ಪಾಯಸ ಮಾಡುತ್ತಿದ್ದರು.

ಪಾಸಾದರೆ ಅವಳ ಅಂಕಗಳು ಯಾವ ಕಡೆ ಬೆರಳು ತೋರಿಸುತ್ತಿವೆ? ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ 154, ಅಂದರೆ ಶೇ 51. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಇದು ಸಾಕಾಗುವ ಅಂಕ. ಮೂರು ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ, ಎರಡು ವರ್ಷದ ಡಿಪ್ಲೊಮಾ ಇನ್ ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ ಮತ್ತು ಇಮೇಜಿಂಗ್‌ನಂಥ ಆರೋಗ್ಯ ವಿಜ್ಞಾನದ ಕೋರ್ಸ್‌ಗಳು, ಸಾಮಾನ್ಯ ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಇವೆಲ್ಲ ಇವೆ. ಆದರೆ ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಮೊದಲು ಹೊಳೆದದ್ದು ಬಿಎಸ್ಸಿ ಕೃಷಿ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ, ಬಾಗಲಕೋಟೆಯಲ್ಲಿ ತೋಟಗಾರಿಕೆಯದ್ದು. ರೈತರ ಮಕ್ಕಳಿಗೆಂದೇ ಅಲ್ಲಿ ಕೃಷಿಕರ ಕೋಟಾ ಇದೆ. ಅದಕ್ಕೆ ಸಿಇಟಿಯ ಜೊತೆ ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಕಳೆ, ಗೊಬ್ಬರ, ಉಪಕರಣ ಗುರುತಿಸುವಂಥದ್ದು. ಪೇಟೆಯ ಮಕ್ಕಳು ಚಿತ್ರ ನೋಡಿ ಬಾಯಿಪಾಠ ಮಾಡುವುದನ್ನು ನಿಮ್ಮ ಮಗಳು ಬದುವಿನ ಮೇಲೆ ನಡೆಯುತ್ತಾ ಕಲಿತಿರುತ್ತಾಳೆ. ಸಿಇಟಿ ಅರ್ಜಿಯಲ್ಲಿ ಈ ಕೋಟಾ ಕೇಳಿದ್ದೀರೋ ಇಲ್ಲವೋ ಇವತ್ತೇ ತೆಗೆದು ನೋಡಿ. ಕೇಳದಿದ್ದರೆ ಮುಂದಿನ ವರ್ಷದ ಸಿಇಟಿಗೆ ಮರೆಯದೆ ಕೇಳಿ. ಸ್ಪರ್ಧೆ ಜೋರಾಗಿಯೇ ಇದೆ, ಸೀಟು ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ.

ಗಣಿತ ಈ ಸಲವೂ ಕೈಕೊಟ್ಟರೆ? ಆಗಲೂ ಅವಳ ಎಸ್ಸೆಸ್ಸೆಲ್ಸಿಯ ಶೇ 86 ಎಲ್ಲಿಗೂ ಹೋಗುವುದಿಲ್ಲ. ಪಾಲಿಟೆಕ್ನಿಕ್‌ಗಳು ಪ್ರವೇಶ ಕೊಡುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಿದ ಎಷ್ಟೋ ಮಕ್ಕಳನ್ನು ನಾನು ಬಲ್ಲೆ. ಕೈಕೆಲಸದಲ್ಲಿ ಒಲವಿದ್ದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಜನ ಜಿಟಿಟಿಸಿ ಎಂದೇ ಕರೆಯುತ್ತಾರೆ. ಡೆನ್ಮಾರ್ಕ್‌ನ ನೆರವಿನಿಂದ 1972ರಲ್ಲಿ ಶುರುವಾದದ್ದು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷದ ತರಗತಿ, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹೆಣ್ಣುಮಗಳಿಗೆ ಲೇತ್ ಯಂತ್ರವೇ ಎಂದು ಮೂಗು ಮುರಿಯಬೇಡಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಸ್ಸೆಸ್ಸೆಲ್ಸಿ ಆಧಾರದ ಮೇಲೆ ಕನ್ನಡ ಮಾಧ್ಯಮದ ಎರಡು ವರ್ಷದ ಕೃಷಿ ಡಿಪ್ಲೊಮಾ ಕೂಡ ಇದೆ. ಇದರ ಬಗ್ಗೆ ಹಳ್ಳಿಗಳಲ್ಲಿ ಗೊತ್ತಿರುವವರು ಕಡಿಮೆ.

ಪಿಯುಸಿಯನ್ನೇ ಇನ್ನೊಂದು ದಾರಿಯಲ್ಲಿ ಮುಗಿಸಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಪಾಸಾದ ವಿಷಯಗಳಲ್ಲಿ ಎರಡರ ಅಂಕವನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ನೋಂದಣಿ ಐದು ವರ್ಷ ಊರ್ಜಿತ, ಒಂಬತ್ತು ಅವಕಾಶ. ಆದರೆ ಅವಳು ಉಳಿದ ವಿಷಯಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಒಂದೇ ವಿಷಯ ಉಳಿದವಳಿಗೆ ನಮ್ಮ ಮಂಡಳಿಯ ಮುಂದಿನ ಪರೀಕ್ಷೆಯೇ ಸಲೀಸು.

ಒಂದು ವರ್ಷ ಮನೆಯಲ್ಲಿ ಕೂರಿಸುವುದಕ್ಕೆ ನಾನು ವಿರೋಧಿ. ಒಂದೇ ವಿಷಯಕ್ಕಾಗಿ ಇಡೀ ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮೂರನೆಯ ತಿಂಗಳಿಗೆ ಪುಸ್ತಕ ಮುಟ್ಟುವುದಿಲ್ಲ, ಆರನೆಯ ತಿಂಗಳಿಗೆ ಮನೆಗೆಲಸದ ಆಳಾಗುತ್ತಾಳೆ. ಒಂದು ವೇಳೆ ಮತ್ತೆ ಬರೆಯಬೇಕಾಗಿ ಬಂದರೂ ಜೊತೆಗೆ ಅವಳಿಗೆ ದಿನವೂ ಮನೆಯಿಂದ ಹೊರಗೆ ಹೋಗುವ ಕೆಲಸವೊಂದು ಇರಬೇಕು, ಹೊಲಿಗೆಯೋ ಕಂಪ್ಯೂಟರೋ ಗ್ರಂಥಾಲಯವೋ.

ಈ ದಿನಗಳಲ್ಲಿ ನಿಮ್ಮ ಮೊಬೈಲ್‌ಗೆ ಅಪರಿಚಿತ ಕರೆಗಳು ಬರತೊಡಗುತ್ತವೆ. ಮಂಡಳಿಯಲ್ಲಿ ಜನ ಇದ್ದಾರೆ, ಅಂಕ ಹೆಚ್ಚಿಸಿಕೊಡುತ್ತೇವೆ ಎನ್ನುವವರು ಶುದ್ಧ ಮೋಸಗಾರರು. ಒಂದೇ ತಿಂಗಳಲ್ಲಿ ಪಿಯುಸಿ ಪಾಸ್ ಮಾಡಿಸುತ್ತೇವೆ ಎಂದು ಎಲ್ಲೋ ದೂರದ ಹೆಸರಿನ ಬೋರ್ಡ್‌ನ ಅಂಕಪಟ್ಟಿ ಮಾರುವವರೂ ಅಷ್ಟೆ. ಆ ಕಾಗದ ಹಿಡಿದು ಪದವಿಗೆ ಹೋದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ನಿಮ್ಮ ಮಗಳು, ಮಾರಿದವನಲ್ಲ. ನರ್ಸಿಂಗ್ ಕಾಲೇಜಾದರೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ. ಎಲ್ಲೇ ಸೇರಿಸಿ, ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟು ಬರಬೇಡಿ. ಪದವಿ ಕಾಲೇಜುಗಳು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿಯೇ ಹೇಳಿದೆ.

ಇನ್ನು ಉಳಿದದ್ದು ನಿಮ್ಮ ತಾಯಿಯವರ ಸಲಹೆ. ಹದಿನೇಳು ವರ್ಷದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು, ನಡೆದೇ ಇಲ್ಲವೆಂಬ ಲೆಕ್ಕ. ಮಾಡಿಸಿದವರು ಜೈಲಿಗೆ ಹೋಗಬಹುದು, ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿದರೆ ಸಾಕು. ಆದರೆ ಕಾನೂನಿಗಿಂತ ಮೊದಲು ನನಗೆ ಕಾಡುವುದು ಬೇರೆ. ಕೋಣೆಯ ಗೋಡೆಗಳು ಅಷ್ಟೇನೂ ದಪ್ಪ ಇರುವುದಿಲ್ಲ. ಅಜ್ಜಿ ಆಡಿದ ಈ ಮಾತು ಮಗಳ ಕಿವಿಗೆ ಬಿದ್ದಿರಬಹುದು, ಬಾಗಿಲು ತೆರೆಯದಿರುವುದಕ್ಕೆ 26 ಅಂಕದಷ್ಟೇ ಅದೂ ಕಾರಣವಾಗಿರಬಹುದು. ಹಿರಿಯರ ಮೇಲೆ ಕೂಗಾಡಬೇಡಿ. ಮಗಳಿಗೆ ಕೇಳಿಸುವಂತೆ ಒಂದೇ ಸಲ, "ಅಮ್ಮಾ, ಆ ಮಾತು ಈ ಮನೆಯಲ್ಲಿ ಇನ್ನು ಬೇಡ" ಎಂದು ಹೇಳಿ. ನೆಂಟರ ಫೋನ್‌ಗಳಿಗೂ ನೀವೇ ಉತ್ತರಿಸಿ. "ಒಂದು ವಿಷಯ ಉಳಿದಿದೆ, ಮುಂದಿನ ತಿಂಗಳು ಬರೆಯುತ್ತಾಳೆ" ಎಂಬ ಒಂದು ವಾಕ್ಯ ಸಾಕು, ಅದಕ್ಕೆ ವಿವರಣೆ ಕೊಡುತ್ತಾ ಹೋಗಬೇಡಿ.

ನಾಳೆ ಕಾಲೇಜಿಗೆ ಹೋಗುವಾಗ ಪ್ರವೇಶಪತ್ರದ ಪ್ರತಿ, ಅವಳ ನೋಂದಣಿ ಸಂಖ್ಯೆ, ಫಲಿತಾಂಶದ ಪ್ರತಿ ತೆಗೆದುಕೊಂಡು ಹೋಗಿ. ಪರೀಕ್ಷೆ-2ರ ಅರ್ಜಿ, ಸ್ಕ್ಯಾನ್ ಪ್ರತಿಯ ಅರ್ಜಿ, ಎರಡರ ಕೊನೆಯ ದಿನಾಂಕವನ್ನೂ ಬರೆದುಕೊಳ್ಳಿ. ಅಲ್ಲಿನ ಗಣಿತದ ಉಪನ್ಯಾಸಕರನ್ನು ಕಂಡು, ದಿನಕ್ಕೆ ಒಂದು ಗಂಟೆ ಹೇಳಿಕೊಡುತ್ತೀರಾ ಎಂದು ಕೇಳಿ. ನಮ್ಮಲ್ಲಿ ಬಹಳ ಮಂದಿ ಹಣ ತೆಗೆದುಕೊಳ್ಳದೆ ಹೇಳಿಕೊಡುತ್ತಾರೆ, ಕೇಳುವವರಿಲ್ಲ ಅಷ್ಟೆ. ಸ್ಕ್ಯಾನ್ ಪ್ರತಿ ಬಂದ ಮೇಲೆ ಅವಳು ಒಪ್ಪಿದರೆ ಮಾತ್ರ ನನಗೂ ಕಳುಹಿಸಿ. ಆ 8 ಅಂಕ ಎಲ್ಲಿಂದ ಬಂತು, ಉಳಿದ 72 ಎಲ್ಲಿ ಹೋಯಿತು ಎಂದು ಅವಳ ಜೊತೆ ಕುಳಿತು ನೋಡಲು ನನಗೆ ಆಸೆಯಿದೆ.